ಎಸಿಗೆ ಗ್ಯಾಸ್ ಹಾಕಿಸುವ ಮೊದಲು ಸೆನ್ಸರ್ ನೋಡಿ

ಕಾರಿನ ಎಸಿ ತಂಪು ಕೊಡುತ್ತಿಲ್ಲ ಅಂತ ಅಂಗಡಿಗೆ ಹೋದರೆ ಮೊದಲು ಕೇಳಿಬರುವ ಮಾತು ಬಹುತೇಕ ಒಂದೇ: "ಗ್ಯಾಸ್ ಕಮ್ಮಿ ಆಗಿದೆ ಸಾರ್, ಹಾಕಿಬಿಡೋಣ." ನಾನೂ ಒಂದೇ ಬೇಸಿಗೆಯಲ್ಲಿ ಎರಡು ಸಲ ಹಾಕಿಸಿದೆ. ಎರಡು ಸಲವೂ ಕಥೆ ಅದೇ. ಬೆಂಗಳೂರಿನಿಂದ ಹೊರಟು ತುಮಕೂರಿನ ತನಕ ತಣ್ಣಗಿದ್ದ ಗಾಡಿ ಶಿರಾ ಹತ್ತಿರ ಬರುವ ಹೊತ್ತಿಗೆ ಒಲೆಯಾಗುತ್ತಿತ್ತು. ಕಾಫಿಗೆ ಇಳಿದು ಇಪ್ಪತ್ತು ನಿಮಿಷ ಬಿಟ್ಟು ಹತ್ತಿದರೆ ಮತ್ತೆ ಮಂಜಿನಂಥ ಗಾಳಿ! ಕೊನೆಗೆ ಸಿಕ್ಕಿದ್ದು ಬೆರಳುದ್ದದ ಒಂದು ಸೆನ್ಸರ್. ಹಿಂದಿನ ವರ್ಷ ಕೂಲಿಂಗ್ ಕಾಯಿಲ್ (ಡ್ಯಾಶ್‌ಬೋರ್ಡ್ ಒಳಗೆ ಗಾಳಿಯನ್ನು ತಂಪು ಮಾಡುವ ಭಾಗ) ಕ್ಲೀನ್ ಮಾಡಿಸಿದ್ದೆ. ಆಗ ಸೆನ್ಸರ್‌ನ ಕ್ಲಿಪ್ ಮುರಿದು, ಕಾಯಿಲ್‌ನಿಂದ ಕಳಚಿ ಸುಮ್ನೆ ನೇತಾಡುತ್ತಿತ್ತು.

ಎಸಿಯ ಗ್ಯಾಸ್ ಪೆಟ್ರೋಲ್ ಥರ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸ್ ಸುತ್ತುತ್ತಿರುತ್ತದೆ. ಎರಡು ತಿಂಗಳಿಗೊಮ್ಮೆ ಕಮ್ಮಿಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಅದು ಕಮ್ಮಿಯೇ ಆಗಿಲ್ಲ.

ಮ್ಯಾನುಯಲ್ ಎಸಿ ಇರುವ ಗಾಡಿಯಲ್ಲಿ ಮುಖ್ಯವಾಗಿ ಎರಡು ಸೆನ್ಸರ್: ಕೂಲಿಂಗ್ ಕಾಯಿಲ್ ಎಷ್ಟು ತಣ್ಣಗಾಗಿದೆ ಅಂತ ಹೇಳುವುದು ಒಂದು, ಗ್ಯಾಸ್ ಪ್ರೆಷರ್ ಹೇಳುವುದು ಇನ್ನೊಂದು. ಆಟೋಮ್ಯಾಟಿಕ್ ಎಸಿ ಆದರೆ ಇನ್ನೂ ಮೂರು ಸೇರುತ್ತವೆ. ಹೊರಗಿನ ತಾಪ ಅಳೆಯುವುದು ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ ಇರುತ್ತದೆ. ಒಳಗಿನ ತಾಪ ಅಳೆಯುವುದು ಡ್ಯಾಶ್‌ಬೋರ್ಡಿನ ಪುಟ್ಟ ಜಾಲರಿಯ ಹಿಂದೆ. ಬಿಸಿಲು ನೋಡುವುದು ಗಾಜಿನ ಹತ್ತಿರ, ಡ್ಯಾಶ್‌ಬೋರ್ಡಿನ ಮೇಲೆ, ಕಪ್ಪು ಗುಂಡಿಯ ಹಾಗೆ ಕಾಣುತ್ತದೆ. ಇವು ಏನು ಹೇಳುತ್ತವೋ ಗಾಡಿಯ ಕಂಪ್ಯೂಟರ್ ಅದನ್ನೇ ನಂಬುತ್ತದೆ. ನಾವು ಮಾಡಬೇಕಾದ್ದು, ಸೆನ್ಸರ್ ಹೇಳಿದ್ದನ್ನು ಇನ್ನೊಂದು ಸಾಕ್ಷಿಯ ಜೊತೆ ಇಟ್ಟು ನೋಡುವುದು. ಆ ಸಾಕ್ಷಿ ಒಂದು ಸಾದಾ ಥರ್ಮಾಮೀಟರ್ ಆಗಿರಬಹುದು, ಒಂದು ಲೋಟ ಐಸ್ ನೀರೂ ಆಗಿರಬಹುದು.

ಮೊದಲು ಐದು ನಿಮಿಷ, ಕೈ ಕೊಳೆಯಾಗದ ಕೆಲಸ

ಕ್ಯಾಬಿನ್ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಹಲವು ಗಾಡಿಗಳಲ್ಲಿ ಅದು ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಧೂಳು, ಒಣಗಿದ ಎಲೆ, ಒಮ್ಮೊಮ್ಮೆ ಇಲಿ ಗೂಡೂ ಸಿಗುತ್ತದೆ. ಫಿಲ್ಟರ್ ಕಟ್ಟಿಕೊಂಡಿದ್ದರೆ ಸೆನ್ಸರ್ ಕೆಟ್ಟಾಗ ಕಾಣುವ ಲಕ್ಷಣಗಳೇ ಕಾಣುತ್ತವೆ. ಆಮೇಲೆ ಮುಂದಿನ ಗ್ರಿಲ್‌ನೊಳಗೆ ಟಾರ್ಚ್ ಬಿಟ್ಟು ನೋಡಿ. ಕಂಡೆನ್ಸರ್ (ಗ್ಯಾಸ್‌ನ ಶಾಖ ಹೊರಹಾಕುವ ಜಾಲರಿಯಂಥ ಭಾಗ) ಮೇಲೆ ಕೆಸರು, ಹುಳುಗಳು ಮೆತ್ತಿಕೊಂಡಿದ್ದರೆ ನಿಧಾನಕ್ಕೆ ನೀರು ಬಿಟ್ಟು ತೊಳೆಯಿರಿ. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಒಂದನ್ನು ನಡುವಿನ ವೆಂಟ್‌ಗೆ ತೂರಿಸಿ. ಎಸಿ ಪೂರ್ತಿ, ರೀಸರ್ಕ್ಯುಲೇಷನ್ (ಒಳಗಿನ ಗಾಳಿಯನ್ನೇ ಸುತ್ತಿಸುವುದು) ಆನ್, ಕಿಟಕಿ ಮುಚ್ಚಿ ಹತ್ತು ನಿಮಿಷ ಓಡಿಸಿದರೆ ಚೆನ್ನಾಗಿರುವ ಎಸಿ ಸುಮಾರು 5ರಿಂದ 10 ಡಿಗ್ರಿ ತೋರಿಸುತ್ತದೆ. ರಾಯಚೂರಿನ ಬೇಸಿಗೆಯಲ್ಲಿ ಸಿಗ್ನಲ್‌ನಲ್ಲಿ ನಿಂತಿದ್ದಾಗ ಇದಕ್ಕಿಂತ ಜಾಸ್ತಿ ತೋರಿಸಿದರೆ ಗಾಬರಿ ಬೇಡ. ಈ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟುಕೊಳ್ಳಿ. "ಕೂಲಿಂಗ್ ಕಮ್ಮಿ" ಅನ್ನುವುದಕ್ಕಿಂತ "ವೆಂಟ್‌ನಲ್ಲಿ 16 ಡಿಗ್ರಿ" ಅಂದರೆ ಮೆಕ್ಯಾನಿಕ್ ಬೇರೆ ಥರ ಕೇಳಿಸಿಕೊಳ್ಳುತ್ತಾರೆ.

"ಅರ್ಧ ಗಂಟೆ ಚೆನ್ನಾಗಿರುತ್ತೆ, ಆಮೇಲೆ ಗಾಳಿನೇ ಬರಲ್ಲ"

ಇದು ನನ್ನ ಗಾಡಿಯ ಕಾಯಿಲೆ. ಗಮನಿಸಬೇಕಾದ್ದು ಗಾಳಿ ಬಿಸಿಯಾಗುವುದಕ್ಕಿಂತ ಮುಂಚೆ ಅದರ ರಭಸ ಕಮ್ಮಿಯಾಗುವುದು. ಬ್ಲೋಯರ್ ಸದ್ದು ಹಾಗೇ ಇರುತ್ತದೆ, ವೆಂಟ್ ಮುಂದೆ ಕೈ ಇಟ್ಟರೆ ಗಾಳಿ ಉಸಿರಿನಷ್ಟು. ಅಂದರೆ ಕೂಲಿಂಗ್ ಕಾಯಿಲ್ ಮೇಲೆ ಐಸ್ ಕಟ್ಟಿದೆ, ಗಾಳಿಗೆ ದಾರಿ ಇಲ್ಲ.

ಖಚಿತ ಮಾಡಿಕೊಳ್ಳುವುದಕ್ಕೆ ಕಾಸು ಖರ್ಚಿಲ್ಲ. ಗಾಳಿ ಕಮ್ಮಿಯಾದ ತಕ್ಷಣ ಎಸಿ ಬಟನ್ ಆಫ್ ಮಾಡಿ, ಬ್ಲೋಯರ್ ಮಾತ್ರ ಜೋರಾಗಿ ಇಡಿ. ಹತ್ತು ಹದಿನೈದು ನಿಮಿಷದಲ್ಲಿ ಗಾಳಿ ವಾಪಸ್ ಬಂದು, ಗಾಡಿ ಕೆಳಗೆ ಎಂದಿಗಿಂತ ಜಾಸ್ತಿ ನೀರು ಸುರಿದರೆ ಅದು ಐಸೇ. ಮಂಗಳೂರು, ಉಡುಪಿ ಕಡೆ ಸೆಖೆಯಲ್ಲಿ ಸರಿಯಾಗಿರುವ ಎಸಿಯೂ ಬೇಕಾದಷ್ಟು ನೀರು ಬಿಡುತ್ತದೆ. ಅದಕ್ಕೇ ನೀರೊಂದನ್ನೇ ನಂಬಬೇಡಿ, ಗಾಳಿ ವಾಪಸ್ ಬಂತಾ ಅಂತಲೂ ನೋಡಿ.

ಐಸ್ ಯಾಕೆ ಕಟ್ಟುತ್ತದೆ? ಕಾಯಿಲ್ ಸೊನ್ನೆ ಡಿಗ್ರಿ ಮುಟ್ಟುವ ಮುಂಚೆ ಕಂಪ್ರೆಸರ್ (ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪ್) ಕಟ್ ಆಗಬೇಕು. ಕಟ್ ಮಾಡಿಸುವುದು ಕಾಯಿಲ್ ಸೆನ್ಸರ್. ಅದು ಇದ್ದದ್ದಕ್ಕಿಂತ ಬಿಸಿ ತೋರಿಸಿದರೆ, ಅಥವಾ ನನ್ನದರ ಹಾಗೆ ಕಾಯಿಲ್ ಬಿಟ್ಟು ದೂರ ನಿಂತಿದ್ದರೆ, ಕಂಪ್ರೆಸರ್ ನಿಲ್ಲದೆ ಓಡುತ್ತದೆ. ವೆಂಟ್‌ನ ಥರ್ಮಾಮೀಟರ್ 3, 2, 1 ಅಂತ ಇಳಿದು ಸೊನ್ನೆ ಕಡೆಗೆ ಹೋಗುತ್ತಲೇ ಇದ್ದು, ಕಂಪ್ರೆಸರ್ ಒಮ್ಮೆಯೂ ಕಟ್ ಆಗದಿದ್ದರೆ ಅನುಮಾನ ಸೆನ್ಸರ್ ಮೇಲೆ. ಫಿಲ್ಟರ್ ಕಟ್ಟಿದ್ದರೂ, ಗ್ಯಾಸ್ ನಿಜವಾಗಿ ಸ್ವಲ್ಪ ಕಮ್ಮಿಯಿದ್ದರೂ ಐಸ್ ಬರಬಹುದು. ಅದಕ್ಕೇ ಮೊದಲು ಫಿಲ್ಟರ್ ನೋಡಿ ಅಂದಿದ್ದು.

ಇನ್ನೊಂದು ಎಡವಟ್ಟು ಇದೆ. ಕಾಯಿಲ್ ಐಸ್ ಕಟ್ಟಿದಾಗ ಲೋ ಸೈಡ್ ಪ್ರೆಷರ್ (ಕಾಯಿಲ್‌ನಿಂದ ಕಂಪ್ರೆಸರ್‌ಗೆ ಬರುವ ಪೈಪಿನ ಒತ್ತಡ) ಇಳಿಯುತ್ತದೆ. ಆಗ ಗೇಜ್ ಹಾಕಿ ನೋಡಿದವರಿಗೆ ಗ್ಯಾಸ್ ಕಮ್ಮಿ ಅಂತಲೇ ಅನ್ನಿಸಬಹುದು. ಅದರ ಮೇಲೆ ಇನ್ನಷ್ಟು ಗ್ಯಾಸ್ ತುಂಬಿದರೆ ಜಾಸ್ತಿಯಾಗಿ, ಇದ್ದ ತಂಪೂ ಹೋಗುತ್ತದೆ.

"ಟಕ್ ಅಂತ ಆನ್ ಆಗುತ್ತೆ, ನಾಲ್ಕು ಸೆಕೆಂಡ್‌ಗೆ ಆಫ್"

ಬಾನೆಟ್ ಎತ್ತಿ, ದೂರ ನಿಂತು ಕಂಪ್ರೆಸರ್ ಕ್ಲಚ್‌ನ (ಎಂಜಿನ್ ಬೆಲ್ಟ್‌ಗೆ ಕಂಪ್ರೆಸರನ್ನು ಜೋಡಿಸಿ ಬಿಡಿಸುವ ಭಾಗ) ಸದ್ದು ಕೇಳಿ. ಸಾಮಾನ್ಯವಾಗಿ ಅದು ಆನ್ ಆದ ಮೇಲೆ ಸ್ವಲ್ಪ ಹೊತ್ತು ಓಡಬೇಕು. ಕೆಲವೇ ಸೆಕೆಂಡಿಗೆ ಟಕ್, ಟಕ್ ಅನ್ನುತ್ತಿದ್ದು ವೆಂಟ್ ತಣ್ಣಗೇ ಆಗದಿದ್ದರೆ ಎರಡು ಕಾರಣ ಇರಬಹುದು. ಗ್ಯಾಸ್ ನಿಜವಾಗಿ ಕಮ್ಮಿಯಾಗಿ ಪ್ರೆಷರ್ ಕಡೆಯಿಂದ ಕಟ್ ಆಗುತ್ತಿರಬಹುದು. ಅಥವಾ ಕಾಯಿಲ್ ಸೆನ್ಸರ್ ಇದ್ದದ್ದಕ್ಕಿಂತ ತಣ್ಣಗೆ ತೋರಿಸಿ "ಸಾಕು ನಿಲ್ಲಿಸು" ಅನ್ನುತ್ತಿರಬಹುದು.

ಬೇರೆ ಮಾಡಿ ನೋಡಲು ಬ್ಲೂಟೂತ್ ಓಬಿಡಿ ಅಡಾಪ್ಟರ್ (ಗಾಡಿಯ ಕಂಪ್ಯೂಟರ್ ಹೇಳುವುದನ್ನು ಮೊಬೈಲ್‌ನಲ್ಲಿ ತೋರಿಸುವ ಸಾಧನ) ಇದ್ದರೆ ಒಳ್ಳೆಯದು. ಕಾಯಿಲ್ ತಾಪ, ಗ್ಯಾಸ್ ಪ್ರೆಷರ್ ತೋರಿಸುವ ಗಾಡಿಯಾದರೆ ಅರ್ಧ ಕೆಲಸ ಮುಗಿಯಿತು. ವೆಂಟ್‌ನಲ್ಲಿ 20 ಡಿಗ್ರಿ ಇದ್ದಾಗ ಸೆನ್ಸರ್ 3 ಅಂತಿದ್ದರೆ ಸುಳ್ಳುಗಾರ ಸಿಕ್ಕಿದ ಹಾಗೆ. ಅಗ್ಗದ ಅಡಾಪ್ಟರ್‌ಗಳು ಎಷ್ಟೋ ಸಲ ಎಂಜಿನ್ ಭಾಗವನ್ನಷ್ಟೇ ಓದುತ್ತವೆ, ಎಸಿ ಕಂಟ್ರೋಲ್ ಯೂನಿಟ್ ಜೊತೆ ಮಾತಾಡುವುದಿಲ್ಲ. ಏನೂ ಕಾಣಲಿಲ್ಲ ಅಂದರೆ ದೋಷ ಇಲ್ಲ ಅಂತ ಅಲ್ಲ.

ಇತ್ತೀಚಿನ ಎಷ್ಟೋ ಗಾಡಿಗಳಲ್ಲಿ ಕ್ಲಚ್ಚೇ ಇಲ್ಲದ ಕಂಪ್ರೆಸರ್ ಬರುತ್ತದೆ. ಅದರಲ್ಲಿ ಟಕ್ ಸದ್ದು ಹುಡುಕಿದರೆ ಸಿಗುವುದಿಲ್ಲ. ಚಾರ್ಮಾಡಿ ಘಾಟಿ ಹತ್ತುವಾಗ ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕೆಲವು ಗಾಡಿಗಳು ಬೇಕಂತಲೇ ಎಸಿ ಕಟ್ ಮಾಡುತ್ತವೆ. ಅದು ದೋಷ ಅಲ್ಲ.

"ಎಸಿ ಲೈಟ್ ಬರುತ್ತೆ, ಕಂಪ್ರೆಸರ್ ಮಾತ್ರ ಏಳೋದೇ ಇಲ್ಲ"

ಮೀಟರ್‌ನಲ್ಲಿ ಹೊರಗಿನ ತಾಪ ತೋರಿಸುವ ಗಾಡಿಯಾದರೆ ಮೊದಲು ಅದನ್ನೇ ನೋಡಿ. ನಮ್ಮ ಬೀದಿಯ ಒಬ್ಬರ ಕಾರಿಗೆ ಆಟೋ ಗುದ್ದಿ ಬಂಪರ್ ರಿಪೇರಿ ಆಗಿತ್ತು. ವಾಪಸ್ ಬಂದಾಗಿನಿಂದ ಎಸಿ ಇಲ್ಲ. ಗ್ಯಾಸ್ ಹೋಗಿರಬೇಕು ಅಂತ ಅವರ ಲೆಕ್ಕ. ಮೀಟರ್ ನೋಡಿದರೆ ಏಪ್ರಿಲ್ ಮಧ್ಯಾಹ್ನ ರಾಜಾಜಿನಗರದಲ್ಲಿ ಮೈನಸ್ 40! ಬಂಪರ್ ಹಾಕುವಾಗ ಸೆನ್ಸರ್‌ನ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಸಿಕ್ಕಿಸುವುದನ್ನೇ ಮರೆತಿದ್ದರು. ಕಂಪ್ಯೂಟರ್‌ಗೆ ಹೊರಗೆ ಹಿಮ ಬೀಳುತ್ತಿದೆ ಅನ್ನುವ ನಂಬಿಕೆ. ಅಷ್ಟು ಚಳಿಯಲ್ಲಿ ಅದು ಕಂಪ್ರೆಸರ್ ಓಡಿಸುವುದಿಲ್ಲ. ಕೆಳಗಿನಿಂದ ಕೈ ಹಾಕಿ ಕಪ್ಲರ್ ಒತ್ತಿದರು, ಕಟಕ್ ಅಂತು, ಮುಗಿಯಿತು.

ಈ ಸೆನ್ಸರ್‌ಗಳಲ್ಲಿ ಹೆಚ್ಚಿನವು ಥರ್ಮಿಸ್ಟರ್. ತಾಪ ಏರಿದರೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ. ವೈರ್ ತುಂಡಾದರೆ ರೆಸಿಸ್ಟೆನ್ಸ್ ಅಪಾರ, ಅಂದರೆ ವಿಪರೀತ ಚಳಿ. ಎರಡು ವೈರ್ ಒಂದಕ್ಕೊಂದು ತಾಗಿದರೆ ರೆಸಿಸ್ಟೆನ್ಸ್ ಸೊನ್ನೆ, ಅಂದರೆ ವಿಪರೀತ ಬಿಸಿ. ಕೆಲವು ಗಾಡಿಗಳು ಸಂಖ್ಯೆಯ ಬದಲು ಎರಡು ಗೀಟು ತೋರಿಸುತ್ತವೆ.

ಬಿಸಿಲಲ್ಲಿ ನಿಂತಿದ್ದ ಗಾಡಿ 44 ಅಂತ ತೋರಿಸಿದರೆ ಮಾತ್ರ ಸೆನ್ಸರ್ ಬೈಯಬೇಡಿ. ಎಂಜಿನ್ ಶಾಖ, ರಸ್ತೆಯ ಶಾಖ ಎಲ್ಲ ಅದಕ್ಕೆ ತಟ್ಟುತ್ತದೆ. ಹತ್ತು ನಿಮಿಷ ವೇಗವಾಗಿ ಓಡಿದ ಮೇಲೆ ಮೊಬೈಲ್‌ನ ಹವಾಮಾನದ ಜೊತೆ ಹೋಲಿಸಿ. ಎರಡು ಮೂರು ಡಿಗ್ರಿ ಹೆಚ್ಚುಕಮ್ಮಿ ಪರವಾಗಿಲ್ಲ.

ಹೊರಗಿನ ತಾಪ ಸರಿಯಿದ್ದೂ ಕಂಪ್ರೆಸರ್ ಏಳದಿದ್ದರೆ ಫ್ಯೂಸ್, ರಿಲೇ (ಕರೆಂಟ್ ಆನ್ ಆಫ್ ಮಾಡುವ ಪುಟ್ಟ ಸ್ವಿಚ್) ನೋಡಿ. ಅದೇ ಬಗೆಯ ಇನ್ನೊಂದು ರಿಲೇ ಜೊತೆ ಅದಲು ಬದಲು ಮಾಡಿ ನೋಡುವುದು ಒಂದು ನಿಮಿಷದ ಕೆಲಸ. ಆಮೇಲಿನ ಸರದಿ ಪ್ರೆಷರ್ ಸೆನ್ಸರ್‌ನದು.

ಪ್ರೆಷರ್ ಸೆನ್ಸರ್ ನಿಜ ಹೇಳುತ್ತಿದೆಯಾ?

ಇದನ್ನು ಬಿಚ್ಚದೆಯೇ ಪರೀಕ್ಷಿಸುವ ಒಂದು ಒಳ್ಳೆಯ ದಾರಿ ಇದೆ. ಗಾಡಿ ರಾತ್ರಿಯೆಲ್ಲ ನೆರಳಲ್ಲಿ ನಿಂತಿದ್ದರೆ ಒಳಗಿನ ಗ್ಯಾಸ್ ಹೊರಗಿನ ತಾಪಕ್ಕೇ ಬಂದಿರುತ್ತದೆ. ಪೈಪಿನಲ್ಲಿ ದ್ರವವಾಗಿರುವ ಗ್ಯಾಸ್ ಸ್ವಲ್ಪ ಇದ್ದರೂ ಸಾಕು, ಪ್ರೆಷರ್ ಎಷ್ಟಿರಬೇಕು ಅನ್ನುವುದನ್ನು ತಾಪವೇ ನಿರ್ಧರಿಸುತ್ತದೆ. ಕಾರಿನ ಎಸಿಗೆ ಹಾಕುವ ಆರ್ 134ಎ ಗ್ಯಾಸ್‌ಗೆ 25 ಡಿಗ್ರಿಯಲ್ಲಿ ಸುಮಾರು 82 ಪಿಎಸ್‌ಐ (ಒತ್ತಡದ ಅಳತೆ), 30ರಲ್ಲಿ 97, 35ರಲ್ಲಿ 114. ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡದೆ, ಕೀ ಮಾತ್ರ ಆನ್ ಮಾಡಿ ಸ್ಕ್ಯಾನರ್‌ನಲ್ಲಿ (ಎಸಿ ಭಾಗ ಓದುವ ಓಬಿಡಿ ಅಡಾಪ್ಟರ್ ಆದರೂ ಸರಿ) ಪ್ರೆಷರ್ ಓದಿ.

ಇದರ ಆಸುಪಾಸು ತೋರಿಸಿದರೆ ಸೆನ್ಸರ್ ಪ್ರಾಮಾಣಿಕ. ಸೊನ್ನೆ ಅಥವಾ ಮುನ್ನೂರು ನಾನೂರು ಪಿಎಸ್‌ಐ ಅಂತ ತೋರಿಸಿದರೆ ಮೆಕ್ಯಾನಿಕ್ ಹತ್ತಿರ ಗೇಜ್ ಹಾಕಿಸಿ. ಗೇಜ್ 90 ಅಂದು ಸ್ಕ್ಯಾನರ್ ಸೊನ್ನೆ ಅಂದರೆ ಸೆನ್ಸರ್ ಅಥವಾ ಅದರ ವೈರಿಂಗ್. ಎರಡೂ ಸೊನ್ನೆ ಹತ್ತಿರ ಅಂದರೆ ಗ್ಯಾಸ್ ನಿಜವಾಗಿ ಹೋಗಿದೆ, ಸೆನ್ಸರ್ ತನ್ನ ಕೆಲಸ ಮಾಡಿದೆ. ಕೆಲವು ಸ್ಕ್ಯಾನರ್ ವಾತಾವರಣದ ಒತ್ತಡವನ್ನೂ ಸೇರಿಸಿ ಹೇಳುತ್ತವೆ. ಆಗ 14 ಪಿಎಸ್‌ಐ ಜಾಸ್ತಿ ಕಾಣುತ್ತದೆ. ನಿಂತ ಗಾಡಿಯ ಪ್ರೆಷರ್ ಸರಿಯಿದೆ ಅಂದ ಮಾತ್ರಕ್ಕೆ ಗ್ಯಾಸ್ ಪೂರ್ತಿ ಇದೆ ಅಂತಲೂ ಆಗುವುದಿಲ್ಲ. ಅರ್ಧ ಗ್ಯಾಸ್ ಇದ್ದರೂ ಇದೇ ಸಂಖ್ಯೆ ಬರುತ್ತದೆ. ಇಲ್ಲಿ ಪರೀಕ್ಷೆ ಆಗುತ್ತಿರುವುದು ಸೆನ್ಸರ್ ಮಾತ್ರ.

ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಬಂದಿದ್ದರೆ, ಪಿ0532 ಅಂದರೆ ಈ ಸೆನ್ಸರ್‌ನ ಸಿಗ್ನಲ್ ತೀರಾ ಕಮ್ಮಿ, ಪಿ0533 ಅಂದರೆ ತೀರಾ ಜಾಸ್ತಿ. ಇದಕ್ಕೆ ಸಾಮಾನ್ಯವಾಗಿ ಮೂರು ವೈರ್: 5 ವೋಲ್ಟ್, ಅರ್ತ್, ಸಿಗ್ನಲ್. ಕಪ್ಲರ್ ಬಿಚ್ಚಿ, ಕೀ ಆನ್ ಮಾಡಿ, ಗಾಡಿ ಕಡೆಯ ಪಿನ್‌ಗಳಲ್ಲಿ 5 ವೋಲ್ಟ್ ಬರುತ್ತಿದೆಯಾ ಅಂತ ಮಲ್ಟಿಮೀಟರ್‌ನಲ್ಲಿ ನೋಡಬಹುದು. ಬರದಿದ್ದರೆ ಹೊಸ ಸೆನ್ಸರ್ ಹಾಕಿ ಪ್ರಯೋಜನ ಇಲ್ಲ, ವೈರ್ ಹುಡುಕಬೇಕು. ಮಳೆಗಾಲದಲ್ಲಿ ಇಲಿಗಳು ಬಾನೆಟ್ ಒಳಗೆ ಸಂಸಾರ ಹೂಡುವುದು ನಿಮಗೂ ಗೊತ್ತಿರಬೇಕು. ಮೂರು ಪಿನ್‌ಗಳನ್ನು ವೈರ್ ಇಟ್ಟು ಶಾರ್ಟ್ ಮಾಡುವ ಬುದ್ಧಿವಂತಿಕೆ ಮಾತ್ರ ಬೇಡ. ಕಂಟ್ರೋಲ್ ಯೂನಿಟ್ ಸುಟ್ಟರೆ ಸೆನ್ಸರ್‌ನ ಎಷ್ಟೋ ಪಟ್ಟು ದುಡ್ಡು.

"ಟ್ರಾಫಿಕ್‌ನಲ್ಲಿ ಹೋಗುತ್ತೆ, ಓಡಿದರೆ ಬರುತ್ತೆ"

ಸಿಲ್ಕ್ ಬೋರ್ಡ್‌ನಲ್ಲಿ ನಿಂತಾಗ ಎಸಿ ಬಿಸಿ, ಹೈವೇಗೆ ಬಿದ್ದ ಮೇಲೆ ತಂಪು. ಇದರಲ್ಲಿ ಸೆನ್ಸರ್ ತಪ್ಪು ಅಪರೂಪ. ಕಂಡೆನ್ಸರ್ ಫ್ಯಾನ್ ತಿರುಗುತ್ತಿಲ್ಲ, ಪ್ರೆಷರ್ ಏರುತ್ತಿದೆ, ಅದನ್ನು ಕಂಡು ಸೆನ್ಸರ್ ಕಂಪ್ರೆಸರ್ ಉಳಿಸುತ್ತಿದೆ. ಎಂಜಿನ್ ಟೆಂಪರೇಚರ್ ಮುಳ್ಳೂ ಮೇಲೇರುತ್ತಿದ್ದರೆ ಪರೀಕ್ಷೆ ಅಲ್ಲಿಗೇ ಬಿಟ್ಟು, ಗಾಡಿ ಪಕ್ಕಕ್ಕೆ ಹಾಕಿ ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಮುಚ್ಚಳ ಬಿಸಿಯಿದ್ದಾಗ ತೆಗೆಯಬೇಡಿ.

"24ಕ್ಕೆ ಇಟ್ಟಿದ್ದೀನಿ, ಒಮ್ಮೆ ಚಳಿ ಒಮ್ಮೆ ಸೆಖೆ"

ಆಟೋಮ್ಯಾಟಿಕ್ ಎಸಿಯ ದೂರು ಇದು. ಸ್ಟಿಯರಿಂಗ್ ಆಸುಪಾಸಿನ ಪುಟ್ಟ ಜಾಲರಿಯ ಹಿಂದೆ ಒಳಗಿನ ತಾಪದ ಸೆನ್ಸರ್ ಇರುತ್ತದೆ. ಬಹಳ ಗಾಡಿಗಳಲ್ಲಿ ಆ ಜಾಲರಿ ಕ್ಯಾಬಿನ್ ಗಾಳಿಯನ್ನು ಮೆಲ್ಲಗೆ ಎಳೆದುಕೊಳ್ಳಬೇಕು. ಟಿಶ್ಯೂ ಪೇಪರಿನ ಒಂದು ಪದರ ಬೇರೆ ಮಾಡಿ, ಉಗುರಿನಷ್ಟು ಚೂರು ಹರಿದು, ಎಸಿ ಓಡುವಾಗ ಅಲ್ಲಿ ಹಿಡಿಯಿರಿ. ಅಂಟಿಕೊಂಡು ನಿಂತರೆ ಗಾಳಿ ಎಳೆಯುತ್ತಿದೆ. ಬಿದ್ದುಹೋದರೆ ಧೂಳು ಕಟ್ಟಿರಬಹುದು, ಒಳಗಿನ ಪುಟ್ಟ ಫ್ಯಾನ್ ನಿಂತಿರಬಹುದು ಅಥವಾ ಹಿಂದಿನ ಕೊಳವೆ ಕಳಚಿರಬಹುದು. ಗಾಳಿ ಬಾರದ ಸೆನ್ಸರ್ ಡ್ಯಾಶ್‌ಬೋರ್ಡಿನ ಶಾಖವನ್ನೇ ಅಳೆಯುತ್ತದೆ. ಒಳಗೆ ಕೂತವರು ನಡುಗುತ್ತಿದ್ದರೂ ಬ್ಲೋಯರ್ ಜೋರಾಗೇ ಇರುತ್ತದೆ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆಯುವುದೇ ಮೊದಲ ಮದ್ದು.

ಬಿಸಿಲಿನ ಸೆನ್ಸರ್‌ಗೆ ಬರುವ ಕಾಯಿಲೆ ಇನ್ನೂ ಸರಳ. ಅದರ ಮೇಲೆ ಗಣಪತಿ ಕೂತಿರುತ್ತಾನೆ, ಇಲ್ಲ ಪಾರ್ಕಿಂಗ್ ಚೀಟಿ. ದೇವರನ್ನು ಎರಡು ಇಂಚು ಪಕ್ಕಕ್ಕೆ ಕೂರಿಸಿ. ಹಲವು ಟೊಯೊಟಾ ಗಾಡಿಗಳಲ್ಲಿ ಆಟೋ ಬಟನ್, ರೀಸರ್ಕ್ಯುಲೇಷನ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದು ಕೀ ಆನ್ ಮಾಡಿದರೆ ಎಸಿ ತನ್ನ ಕೋಡ್ ತಾನೇ ಹೇಳುತ್ತದೆ: 11 ಒಳಗಿನ ತಾಪ, 12 ಹೊರಗಿನದು, 13 ಕಾಯಿಲ್, 21 ಬಿಸಿಲಿನದು. ಶೆಡ್ಡಿನ ಕತ್ತಲಲ್ಲಿ ಈ ಪರೀಕ್ಷೆ ಮಾಡಿದರೆ ಸೆನ್ಸರ್ ಚೆನ್ನಾಗಿದ್ದರೂ 21 ಬರುತ್ತದೆ. ಬಿಸಿಲಿಗೆ ತಂದು ಮಾಡಿ.

ಐಸ್ ನೀರಿನ ಪರೀಕ್ಷೆ

ಎರಡು ವೈರಿನ ತಾಪದ ಸೆನ್ಸರ್ ಕೈಗೆ ಸಿಕ್ಕರೆ ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಕಾಯಿಲ್ ಸೆನ್ಸರ್ ಕೆಲವು ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ತೆಗೆದರೆ ಸಿಗುತ್ತದೆ, ಕೆಲವದರಲ್ಲಿ ಕಾಲಿನ ಹತ್ತಿರದ ಪಕ್ಕದ ಫಲಕದ ಹಿಂದೆ. ಡ್ಯಾಶ್‌ಬೋರ್ಡೇ ಇಳಿಸಬೇಕಾದ ಗಾಡಿಯಾದರೆ ಅಲ್ಲಿಗೇ ನಿಲ್ಲಿಸಿ.

ನಾನು ಮಾಡಿದ್ದು ಹೀಗೆ. ಮಲ್ಟಿಮೀಟರ್ 20 ಕಿಲೋ ಓಮ್‌ಗೆ ಇಟ್ಟು ಸೆನ್ಸರ್‌ನ ಎರಡು ಪಿನ್‌ಗೆ ಹಿಡಿದೆ. ಕೋಣೆಯ ತಾಪದಲ್ಲಿ 2.1. ಸ್ಟೀಲ್ ಲೋಟದ ತುಂಬ ಐಸ್, ಅದು ಮುಳುಗುವಷ್ಟೇ ನೀರು, ಚೆನ್ನಾಗಿ ಕಲಕಿ ಸೆನ್ಸರ್‌ನ ತುದಿ ಮಾತ್ರ ಅದ್ದಿದೆ. ಕಪ್ಲರ್ ನೆನೆಯಬಾರದು. ಸಂಖ್ಯೆ 3, 4, 5 ಅಂತ ಏರಿ ಎರಡು ನಿಮಿಷದಲ್ಲಿ 6ರ ಹತ್ತಿರ ನಿಂತಿತು. ಆಮೇಲೆ ಉಗುರುಬೆಚ್ಚಗಿನ ನೀರು: ಸರ್ರನೆ 1.4ಕ್ಕೆ ಇಳಿಯಿತು. ಕೋಣೆಯ ತಾಪದ ರೆಸಿಸ್ಟೆನ್ಸ್ ಒಂದೊಂದು ಗಾಡಿಗೆ ಒಂದೊಂದು. 2 ಕಿಲೋ ಓಮ್ ಇರಬಹುದು, 10 ಇರಬಹುದು, ಸರಿಯಾದ ಸಂಖ್ಯೆ ಆ ಗಾಡಿಯ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುತ್ತದೆ. ಆದರೆ 25 ಡಿಗ್ರಿಯಿಂದ ಸೊನ್ನೆಗೆ ಬಂದಾಗ ಸುಮಾರು ಮೂರು ಪಟ್ಟು ಏರಬೇಕು, ಜಿಗಿಯದೆ ಏರಬೇಕು. ಏರದಿದ್ದರೆ, ನಡುವೆ ಅಂಕಿ ಮಾಯವಾದರೆ, ಸೆನ್ಸರ್ ಹೋಗಿದೆ. ಅದ್ದಿಟ್ಟಿರುವಾಗಲೇ ವೈರನ್ನು ಬುಡದಲ್ಲಿ ಮೆಲ್ಲಗೆ ಅಲ್ಲಾಡಿಸಿ. ಅಂಕಿ ಕುಣಿದರೆ ಒಳಗೆ ವೈರ್ ಮುರಿದಿದೆ. ಗುಂಡಿಗೆ ಇಳಿದಾಗ ಎಸಿ ಹೋಗಿ, ಮುಂದಿನ ಗುಂಡಿಗೆ ವಾಪಸ್ ಬರುವ ಗಾಡಿಗಳ ಗುಟ್ಟು ಹಲವು ಸಲ ಇದೇ.

ನನ್ನ ಸೆನ್ಸರ್ ಪೂರ್ತಿ ಪಾಸ್ ಆಯಿತು. ಆಗಲೇ ನನಗೆ ಹೊಳೆದದ್ದು, ಅದು ಕೂತಿದ್ದ ಜಾಗ ಸರಿಯಿರಲಿಲ್ಲ ಅಂತ.

ಇಲ್ಲಿ ಕೈ ಹಾಕಬೇಡಿ

ಗ್ಯಾಸ್ ಲೈನಿನ ಮೇಲಿರುವ ಪ್ರೆಷರ್ ಸೆನ್ಸರನ್ನು ನೀವೇ ಬಿಚ್ಚಬೇಡಿ. ಕೆಲವದರ ಕೆಳಗೆ ಗ್ಯಾಸ್ ತಡೆಯುವ ವಾಲ್ವ್ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಆರ್ 134ಎ ಮೈನಸ್ 26 ಡಿಗ್ರಿಯಲ್ಲಿ ಕುದಿಯುವ ದ್ರವ. ಚರ್ಮಕ್ಕೋ ಕಣ್ಣಿಗೋ ತಾಗಿದರೆ ಅಲ್ಲೇ ಹೆಪ್ಪುಗಟ್ಟಿಸುತ್ತದೆ. ಬೆಂಕಿಗೆ ಸಿಕ್ಕರೆ ವಿಷದ ಹೊಗೆಯಾಗುತ್ತದೆ. ಕೆಲವು ಹೊಸ ಗಾಡಿಗಳಲ್ಲಿರುವ ಆರ್ 1234ವೈಎಫ್ ಸ್ವಲ್ಪ ಮಟ್ಟಿಗೆ ಹೊತ್ತಿಕೊಳ್ಳುವ ಗ್ಯಾಸ್. ಬಾನೆಟ್ ಒಳಗಿನ ಸ್ಟಿಕ್ಕರ್‌ನಲ್ಲಿ ಯಾವುದು ಅಂತ ಬರೆದಿರುತ್ತದೆ.

ಡ್ಯಾಶ್‌ಬೋರ್ಡ್ ಕೆಳಗೆ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗ್‌ನದು, ಮಲ್ಟಿಮೀಟರ್ ತಾಗಿಸಲೇಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಗಾಡಿಯಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಪ್ರೆಸರ್‌ಗೆ ಹೋಗುತ್ತದೆ. ಅದರಲ್ಲಿರುವುದು ಪ್ರಾಣ ತೆಗೆಯುವ ವೋಲ್ಟೇಜ್. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗಲು ಶುರುವಾಗುತ್ತದೆ, ಆದ್ದರಿಂದ ಸೆರಗು, ಶಾಲು, ಸಡಿಲ ತೋಳು ದೂರ ಇರಲಿ. ಬಾಗಿಲು ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಿಕೊಂಡು ಪರೀಕ್ಷೆ ಮಾಡಬೇಡಿ.

ಹಾಕಿದ ಮೇಲೆ

ಕಾಯಿಲ್ ಸೆನ್ಸರ್ ತೆಗೆಯುವ ಮುಂಚೆ ಮೊಬೈಲ್‌ನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಸಾಲಿನಲ್ಲಿ, ಎಷ್ಟು ಒಳಗೆ, ಯಾವ ಕೋನದಲ್ಲಿ ಇತ್ತು ಅಂತ ಕಾಣಬೇಕು. ವಾಪಸ್ ಅದೇ ಜಾಗಕ್ಕೆ ಹೋಗಬೇಕು. ನನ್ನದಕ್ಕೆ ಹೊಸ ಕ್ಲಿಪ್‌ಗೆ ಹತ್ತಾರು ರೂಪಾಯಿ ಆಯಿತು. ಹಾಕಿದ ಮೇಲೆ ಥರ್ಮಾಮೀಟರನ್ನು ಮತ್ತೆ ವೆಂಟ್‌ಗೆ ತೂರಿಸಿ ನೆಲಮಂಗಲದ ಕಡೆ ಒಂದು ಗಂಟೆ ಓಡಿಸಿದೆ. 5 ಡಿಗ್ರಿ ಮುಟ್ಟಿ, ಟಕ್ ಅಂತ ಕಟ್ ಆಗಿ, 9ಕ್ಕೆ ಏರಿ, ಮತ್ತೆ ಟಕ್ ಅಂತು. ದಾರಿಯುದ್ದಕ್ಕೂ ಹಾಗೇ.